ಮಕ್ಕಳ ಕೈಗೆ ಮಳೆಯ ಲೆಕ್ಕ ಕೊಡಿ

ಪ್ರಶ್ನೆ: ನಾನು ಹಿರಿಯೂರು ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಮಕ್ಕಳು ಹವಾಗುಣ ಬದಲಾವಣೆಯ ಬಗ್ಗೆ ಪ್ರಬಂಧ ಬರೆಯುತ್ತಾರೆ, ಭಾಷಣ ಮಾಡಿ ಬಹುಮಾನ ತರುತ್ತಾರೆ, ಪ್ರತಿ ಜೂನ್ 5ರಂದು ಸಸಿ ನೆಡುತ್ತಾರೆ. ಆದರೂ ಇದು ತಮ್ಮ ಮನೆಯ, ಹೊಲದ ಸಂಗತಿ ಎಂದು ಅವರಿಗೆ ಅನ್ನಿಸಿದಂತಿಲ್ಲ. ಕೆಲವರು “ಎಲ್ಲ ಮುಗಿದೇ ಹೋಗುತ್ತದಂತಲ್ಲ ಮಿಸ್, ನಾವೇನು ಮಾಡೋಕಾಗುತ್ತೆ” ಎಂದು ಕೇಳುತ್ತಾರೆ. ಅವರಿಗೆ ಇದನ್ನು ಅರ್ಥವಾಗುವಂತೆ ಕಲಿಸುವುದು ಹೇಗೆ? ಏನಾದರೂ ಮಾಡುವ ಹುಮ್ಮಸ್ಸು ತುಂಬುವುದು ಹೇಗೆ?

ಉತ್ತರ: ನೀವು ಬರೆದಿರುವುದು ನಿಮ್ಮ ಶಾಲೆಯೊಂದರ ಕಥೆಯಲ್ಲ. ಮಕ್ಕಳಿಗೆ ಆಸಕ್ತಿ ಇಲ್ಲ ಎಂಬ ತೀರ್ಮಾನಕ್ಕೆ ಮಾತ್ರ ದಯವಿಟ್ಟು ಬರಬೇಡಿ. ಕರಗುತ್ತಿರುವ ಧ್ರುವದ ಹಿಮ, ಮುಳುಗಲಿರುವ ದ್ವೀಪಗಳು, ಬೆಂಕಿ ಹತ್ತಿದ ದೂರದ ಕಾಡುಗಳು ಎಂದು ಸಮಸ್ಯೆಯನ್ನು ಭೂಮಂಡಲದಷ್ಟು ದೊಡ್ಡದಾಗಿ ವರ್ಣಿಸುತ್ತೇವೆ. ಆಮೇಲೆ ಮಾಡಲು ಕೆಲಸವೇನು ಎಂದು ಅವರು ಕೇಳಿದರೆ ಒಂದು ಸಸಿಯನ್ನು ಕೈಗಿಡುತ್ತೇವೆ. ಇವೆರಡಕ್ಕೂ ತಾಳೆಯಾಗುವುದಿಲ್ಲ ಎಂಬುದು ಹದಿಮೂರು ವರ್ಷದ ಮಗುವಿಗೂ ತಿಳಿಯುತ್ತದೆ. “ನಾವೇನು ಮಾಡೋಕಾಗುತ್ತೆ” ಎಂಬ ಮಾತು ಉದಾಸೀನದಿಂದ ಬಂದದ್ದಲ್ಲ, ಸರಿಯಾದ ಲೆಕ್ಕಾಚಾರದಿಂದಲೇ ಬಂದದ್ದು. ಆದ್ದರಿಂದ ನನ್ನ ಸಲಹೆ ಇಷ್ಟು: ಕಾರಣವನ್ನು ತಪ್ಪಿಲ್ಲದೆ ಕಲಿಸಿ, ತಮ್ಮ ಊರಿನ ಮಳೆಯನ್ನೂ ಬಿಸಿಲನ್ನೂ ಮಕ್ಕಳೇ ಅಳೆದು ಬರೆದಿಡುವಂತೆ ಮಾಡಿ, ಹಾಗೆ ಬರೆದದ್ದನ್ನು ತೀರ್ಮಾನ ಕೈಗೊಳ್ಳುವ ದೊಡ್ಡವರ ಮುಂದೆ ಇಡಿಸಿ. ಈ ಮೂರರಲ್ಲಿ ಕೊನೆಯದನ್ನು ನಮ್ಮ ಶಾಲೆಗಳು ಹೆಚ್ಚಾಗಿ ಕೈಬಿಡುತ್ತವೆ, ನನ್ನ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ಮುಖ್ಯ.

ಮೊದಲು ಕಾರಣದ ಮಾತು. ನಿಮ್ಮ ಮಕ್ಕಳ ಪ್ರಬಂಧಗಳನ್ನು ಇನ್ನೊಮ್ಮೆ ತೆಗೆದು ನೋಡಿ. ಓಜೋನ್ ಪದರದಲ್ಲಿ ರಂಧ್ರವಾಗಿದೆ, ಅದರ ಮೂಲಕ ಸೂರ್ಯನ ಬಿಸಿ ಒಳಗೆ ನುಗ್ಗುತ್ತಿದೆ, ಆದ್ದರಿಂದ ಭೂಮಿ ಕಾಯುತ್ತಿದೆ ಎಂಬ ವಾಕ್ಯ ಬಹಳಷ್ಟು ಕಡೆ ಸಿಗುತ್ತದೆ. ಪ್ಲಾಸ್ಟಿಕ್, ಕಸ, ಹೊಗೆ, ಕಾಡು ಕಡಿಯುವುದು ಎಲ್ಲವೂ ಒಂದೇ ಪಟ್ಟಿಯಲ್ಲಿ ಇರುತ್ತವೆ. ಬಹುಮಾನ ಪಡೆದ ಪ್ರಬಂಧದಲ್ಲಿಯೂ ಈ ಗೊಂದಲ ಇರುವುದುಂಟು. ಓಜೋನ್ ಪದರದ ಸವಕಳಿ ಬೇರೆಯೇ ಸಮಸ್ಯೆ. ಅದಕ್ಕೆ ಕಾರಣವಾದ ರಾಸಾಯನಿಕಗಳನ್ನು 1987ರ ಮಾಂಟ್ರಿಯಲ್ ಒಪ್ಪಂದದ ಮೂಲಕ ಜಗತ್ತು ಬಹುಮಟ್ಟಿಗೆ ನಿಲ್ಲಿಸಿತು, ಪದರ ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ. ಎಲ್ಲ ದೇಶಗಳೂ ಕೂಡಿ ಒಂದು ಕೆಲಸ ಮಾಡಲು ಸಾಧ್ಯ ಎಂಬುದಕ್ಕೆ ನಿಜವಾದ ನಿದರ್ಶನವಾಗಿ ಇದನ್ನು ಹೇಳಿ. ಆದರೆ ಭೂಮಿ ಬಿಸಿಯಾಗುತ್ತಿರುವುದಕ್ಕೆ ಹೊರಗಿನಿಂದ ಹೆಚ್ಚು ಬಿಸಿಲು ಬರುತ್ತಿರುವುದು ಕಾರಣವಲ್ಲ, ಒಳಗಿನ ಶಾಖ ಹೊರಹೋಗುವುದು ಕಷ್ಟವಾಗಿರುವುದು ಕಾರಣ. ಚಳ್ಳಕೆರೆಯ ಕಂಬಳಿ ತಾನಾಗಿ ಶಾಖವನ್ನು ಹುಟ್ಟಿಸುವುದಿಲ್ಲ, ಹೊದ್ದವರ ಮೈಶಾಖವನ್ನು ಹಿಡಿದಿಡುತ್ತದೆ. ನೀರಾವಿ, ಇಂಗಾಲದ ಡೈಆಕ್ಸೈಡ್, ಮೀಥೇನ್‌ಗಳು ನೆಲದಿಂದ ಮೇಲೇಳುವ ಶಾಖಕ್ಕೆ ಹಾಗೆಯೇ ಅಡ್ಡ ನಿಲ್ಲುತ್ತವೆ. ಈ ಅನಿಲಗಳು ಇಲ್ಲದಿದ್ದರೆ ಭೂಮಿಯ ಸರಾಸರಿ ತಾಪಮಾನ ಸುಮಾರು ಮೈನಸ್ 18 ಡಿಗ್ರಿ ಸೆಲ್ಸಿಯಸ್ ಇರುತ್ತಿತ್ತು. ಇರುವುದರಿಂದಲೇ ಅದು ಸುಮಾರು 15 ಡಿಗ್ರಿಯಷ್ಟಿದೆ. ಕೈಗಾರಿಕಾ ಯುಗಕ್ಕೆ ಮೊದಲು ಗಾಳಿಯ ಪ್ರತಿ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 280 ಇಂಗಾಲದ ಡೈಆಕ್ಸೈಡ್ ಅಣುಗಳಿದ್ದವು. ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಅಳೆಯಲು ಆರಂಭಿಸಿದಾಗ ಅದು ಸುಮಾರು 315 ಇತ್ತು. ಈಗ 420ನ್ನು ದಾಟಿದೆ.

ಇದನ್ನು ತೋರಿಸಲು ಎರಡು ಬಾಟಲಿಗಳ ಪ್ರಯೋಗವೊಂದು ಶಾಲೆಗಳಲ್ಲಿ ಜನಪ್ರಿಯವಾಗಿದೆ: ಒಂದರಲ್ಲಿ ಬರಿಯ ಗಾಳಿ, ಇನ್ನೊಂದರಲ್ಲಿ ಅಡುಗೆ ಸೋಡಾ ಮತ್ತು ವಿನೆಗರ್‌ನಿಂದ ಪಡೆದ ಇಂಗಾಲದ ಡೈಆಕ್ಸೈಡ್ ತುಂಬಿ, ದೀಪದಡಿ ಇಟ್ಟು ತಾಪಮಾನ ನೋಡುವುದು. ಅದನ್ನು ಬಿಡುವುದು ಒಳ್ಳೆಯದು. ಅಲ್ಲಿ ಕಾಣುವ ವ್ಯತ್ಯಾಸಕ್ಕೆ ಆ ಅನಿಲ ಗಾಳಿಗಿಂತ ಭಾರವಾಗಿದ್ದು ಬಾಟಲಿಯೊಳಗೆ ಸರಿಯಾಗಿ ಸುತ್ತಾಡದಿರುವುದೇ ಬಹುಪಾಲು ಕಾರಣ. ಉತ್ತರ ಸರಿ ಬಂದಂತೆ ಕಂಡರೂ ವಿವರಣೆ ತಪ್ಪಾಗುತ್ತದೆ. ಅದಕ್ಕಿಂತ ಒಳ್ಳೆಯ ಸಾಕ್ಷಿ ನಿಮ್ಮ ಊರಿನ ಆಕಾಶದಲ್ಲೇ ಇದೆ. ಡಿಸೆಂಬರ್‌ನಲ್ಲಿ ಮೋಡವಿಲ್ಲದ ರಾತ್ರಿ ಬೆಳಗಿನ ಜಾವ ಎಷ್ಟು ಚಳಿ, ಮೋಡ ಕವಿದ ರಾತ್ರಿ ಎಷ್ಟು ಬೆಚ್ಚಗೆ ಎಂಬುದು ಹೊಲ ಕಾಯಲು ಹೋಗುವ ಮನೆಯ ಪ್ರತಿ ಮಗುವಿಗೂ ಗೊತ್ತು. ಎರಡು ವಾರ ಬೆಳಗಿನ ತಾಪಮಾನವನ್ನೂ ಆಕಾಶದ ಸ್ಥಿತಿಯನ್ನೂ ಬರೆದಿಟ್ಟರೆ, ನೆಲದ ಶಾಖಕ್ಕೆ ಆಕಾಶ ಅಡ್ಡ ನಿಲ್ಲುವುದು ಹೇಗೆ ಎಂಬುದನ್ನು ಅವರು ತಮ್ಮ ಅಂಕಿಗಳಲ್ಲೇ ಕಾಣುತ್ತಾರೆ.

ಕಾರಣ ಗೊತ್ತಾದ ಮೇಲೆ ಊರಿಗೆ ಬನ್ನಿ. ನಿಮ್ಮ ತಾಲ್ಲೂಕಿನಲ್ಲಿ ಪಾಠಕ್ಕೆ ಇಷ್ಟು ಹೇಳಿಮಾಡಿಸಿದ ಜಾಗವೊಂದಿರುವುದು ನಿಮ್ಮ ಭಾಗ್ಯವೆಂದೇ ನಾನು ಭಾವಿಸುತ್ತೇನೆ. ವೇದಾವತಿ ನದಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿ ವಿಲಾಸ ಸಾಗರ (ಮಾರಿಕಣಿವೆ ಜಲಾಶಯ) 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ 89 ವರ್ಷ ಕಾದು 2022ರ ಸೆಪ್ಟೆಂಬರ್‌ನಲ್ಲಿ ಮತ್ತೆ ಕೋಡಿ ಬಿತ್ತು. ಅದರ ಮರುವರ್ಷವೇ, 2023ರಲ್ಲಿ, ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತು. 2025ರ ಜನವರಿಯಲ್ಲಿ ಜಲಾಶಯ ಮತ್ತೆ ತುಂಬಿ ಹರಿಯಿತು. ಮಾರಿಕಣಿವೆಯ ಕೋಡಿ ನೋಡಲು ನಿಮ್ಮ ಮಕ್ಕಳಲ್ಲಿ ಬಹಳಷ್ಟು ಮಂದಿ ಮನೆಯವರೊಂದಿಗೆ ಹೋಗಿರುತ್ತಾರೆ. ಈಗ ಅವರ ಮುಂದೆ ಪ್ರಶ್ನೆ ಇಡಿ: 89 ವರ್ಷ ತುಂಬದ ಜಲಾಶಯ ಈಗ ಮತ್ತೆ ಮತ್ತೆ ತುಂಬುತ್ತಿರುವುದು ಹವಾಗುಣ ಬದಲಾವಣೆಯಿಂದಲೇ?

ಹೌದು ಎಂದು ಅವರು ಥಟ್ಟನೆ ಹೇಳುತ್ತಾರೆ, ಏಕೆಂದರೆ ವಿಚಿತ್ರವಾದದ್ದಕ್ಕೆಲ್ಲ ಆ ಹೆಸರಿಡುವುದನ್ನು ನಾವೇ ಕಲಿಸಿದ್ದೇವೆ. ಅಲ್ಲಿ ತಡೆದು ನಿಲ್ಲಿಸಿ. 2022ರಲ್ಲಿ ಜಲಾನಯನ ಪ್ರದೇಶದಲ್ಲಿ ಜೋರು ಮಳೆಯಾದದ್ದು ನಿಜ, ಆದರೆ ಅದಕ್ಕೆ ಮೊದಲೇ ಭದ್ರಾ ಮೇಲ್ದಂಡೆ ಯೋಜನೆಯ ಮೂಲಕ ಭದ್ರಾ ನದಿಯ ನೀರು ಜಲಾಶಯಕ್ಕೆ ಹರಿದು ಬರುತ್ತಿತ್ತು. ಹಾಗಾದರೆ ಎಷ್ಟು ಪಾಲು ಮಳೆಯದು, ಎಷ್ಟು ಪಾಲು ಭದ್ರೆಯದು? ನಡುವಿನ ವರ್ಷಗಳಲ್ಲಿ ತುಂಬದಿರುವುದಕ್ಕೆ ಮಳೆಯ ಕೊರತೆಯ ಜೊತೆಗೆ ಮೇಲ್ಭಾಗದಲ್ಲಿ ಕಟ್ಟಿಕೊಂಡ ಕೆರೆಗಳು, ಚೆಕ್ ಡ್ಯಾಂಗಳು, ಕೊರೆದ ಬೋರ್‌ವೆಲ್‌ಗಳ ಪಾಲೆಷ್ಟು? ಇಂಥ ಪ್ರಶ್ನೆಗಳಿಗೆ ಒಂದೇ ದಿನದಲ್ಲಿ ಉತ್ತರ ಸಿಗಬೇಕಾಗಿಲ್ಲ. ಕಾರಣಗಳನ್ನು ಬಿಡಿಸಿ ನೋಡುವುದನ್ನು ಕಲಿತ ಮಗುವನ್ನು ಆಮೇಲೆ ಯಾರೂ ಸುಲಭವಾಗಿ ಏಮಾರಿಸಲಾರರು: ಎಲ್ಲವೂ ಹವಾಗುಣ ಬದಲಾವಣೆಯೇ ಎನ್ನುವವರೂ, ಅದು ಸುಳ್ಳೇ ಸುಳ್ಳು ಎನ್ನುವವರೂ.

ಖಚಿತವಾಗಿ ಹೇಳಬಹುದಾದದ್ದೂ ಇದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಸುಮಾರು ಶೇ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ಸುರಿಯುವಾಗ ಒಮ್ಮೆಗೇ ಹೆಚ್ಚು ಸುರಿಯಲು, ಮಳೆಯಿಲ್ಲದ ದಿನಗಳಲ್ಲಿ ಮಣ್ಣಿನ ತೇವ ಬೇಗ ಆರಿಹೋಗಲು ಇದೇ ಮೂಲ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಧ್ಯ ಭಾರತದಲ್ಲಿ ವಿಶಾಲ ಪ್ರದೇಶಕ್ಕೆ ಒಮ್ಮೆಗೇ ಸುರಿಯುವ ಅತಿವೃಷ್ಟಿಯ ಘಟನೆಗಳು 1950ರಿಂದ 2015ರ ನಡುವೆ ಮೂರು ಪಟ್ಟಾಗಿವೆ. ಶೇಂಗಾ ಬಿತ್ತುವ ಮನೆಯ ಮಗುವಿಗೆ ಇದನ್ನು ಹೀಗೆ ಹೇಳಿ: ವರ್ಷದ ಒಟ್ಟು ಮಳೆ ಹಿಂದಿನಷ್ಟೇ ಇರಬಹುದು, ಆದರೆ ಹೂ ಕಟ್ಟಿ ಕಾಯಿ ಮಣ್ಣಿಗಿಳಿಯುವ ಹೊತ್ತಿಗೆ ಮೂರು ವಾರ ಹನಿ ಬೀಳದೆ, ಕೀಳುವ ಹೊತ್ತಿಗೆ ಒಂದೇ ರಾತ್ರಿ ಹೊಲ ಕೊಚ್ಚುವಂತೆ ಸುರಿದರೆ ಆ ಒಟ್ಟು ಲೆಕ್ಕದಿಂದ ಅಪ್ಪನಿಗೆ ಸಿಕ್ಕಿದ್ದೇನು? ಇದನ್ನು ಅವರು ಮನೆಯಲ್ಲಿ ಕಂಡಿದ್ದಾರೆ. ಪಾಠದ ಜೊತೆಗೆ ಅದನ್ನು ಜೋಡಿಸಿಕೊಟ್ಟವರಿಲ್ಲ, ಅಷ್ಟೇ.

ಇನ್ನು ಅಳೆಯುವ ಕೆಲಸ. ಅಂಗಡಿಯ ಮಳೆಮಾಪಕ ಸಿಕ್ಕರೆ ಸರಿ, ಇಲ್ಲವಾದರೆ ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲವಿರುವ, ತಳ ಮಟ್ಟಸವಾದ ಡಬ್ಬಿಯೂ ಸಾಕು. ಗೋಡೆ, ಮರಗಳಿಂದ ದೂರ, ಬಯಲಿನಲ್ಲಿ ಅಲುಗದಂತೆ ನಿಲ್ಲಿಸಿ. ಪ್ರತಿದಿನ ಬೆಳಿಗ್ಗೆ 8.30ಕ್ಕೆ ನಿಂತ ನೀರಿನ ಎತ್ತರವನ್ನು ಮಿಲಿಮೀಟರ್‌ನಲ್ಲಿ ಬರೆಯಲಿ. ಹವಾಮಾನ ಇಲಾಖೆಯೂ ಅದೇ ಹೊತ್ತಿಗೆ ಅಳೆಯುತ್ತದೆ, ಆದ್ದರಿಂದ ಹೋಲಿಕೆ ಸಾಧ್ಯವಾಗುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದವರೆಗೆ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. ಅಲ್ಲಿಯ ಅಂಕಿಯೊಂದಿಗೆ ಮಕ್ಕಳ ಅಂಕಿ ಹೊಂದುತ್ತದೆಯೇ ಎಂದು ನೋಡಿ. ಹೊಂದದಿದ್ದರೆ ಏಕೆ ಎಂದು ಕೇಳುವುದೇ ಒಂದು ಪಾಠ, ಏಕೆಂದರೆ ಒಂದೇ ಮಳೆ ಒಂದು ಊರಿಗೆ ಬಂದು ಪಕ್ಕದ ಊರನ್ನು ತಪ್ಪಿಸಿ ಹೋಗುವುದು ನಿಮ್ಮ ಬಯಲುಸೀಮೆಯಲ್ಲಿ ಹೊಸದೇನಲ್ಲ.

ಅಳತೆ ಬರೆದಿಡುವ ಈ ಮಳೆ ಪುಸ್ತಕದಲ್ಲಿ ಇಂಗ್ಲಿಷ್ ತಾರೀಖಿನ ಪಕ್ಕಕ್ಕೆ ಮಳೆ ನಕ್ಷತ್ರವನ್ನೂ ಬರೆಸಿ. ನಮ್ಮ ರೈತರ ಪಂಚಾಂಗದಲ್ಲಿ ಅಶ್ವಿನಿ, ಭರಣಿಯಿಂದ ಹಿಡಿದು ಚಿತ್ತೆ, ಸ್ವಾತಿ, ವಿಶಾಖದವರೆಗೆ ಪ್ರತಿ ಮಳೆಗೂ ಸುಮಾರು ಹದಿಮೂರು-ಹದಿನಾಲ್ಕು ದಿನಗಳ ಅವಧಿ ಇದೆ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂಬಂಥ ಗಾದೆಗಳು ಯಾವ ಮಳೆಗೆ ಏನು ಬಿತ್ತಬೇಕು, ಯಾವುದು ತಪ್ಪಿದರೆ ಏನು ಕೆಡುತ್ತದೆ ಎಂಬ ತಲೆಮಾರುಗಳ ಅನುಭವವನ್ನು ಹಿಡಿದಿಟ್ಟಿವೆ. ಸೂರ್ಯ ಆ ನಕ್ಷತ್ರಗಳನ್ನು ಪ್ರವೇಶಿಸುವ ದಿನಗಳು ವರ್ಷದಿಂದ ವರ್ಷಕ್ಕೆ ಹೆಚ್ಚುಕಡಿಮೆ ಅವೇ ಆಗಿರುತ್ತವೆ, ಆದ್ದರಿಂದ ಮಳೆ ಹಿಂದೆಮುಂದೆ ಸರಿದಿದೆಯೇ ಎಂದು ನೋಡಲು ಇದು ಒಳ್ಳೆಯ ಅಳತೆಗೋಲು. ಮಕ್ಕಳು ಅಜ್ಜ ಅಜ್ಜಿಯರನ್ನು ಕೇಳಿ ಬರಲಿ: ನೀವು ಶೇಂಗಾ ಬಿತ್ತುತ್ತಿದ್ದದ್ದು ಯಾವ ಮಳೆಗೆ, ಈಗ ಯಾವ ಮಳೆಗೆ? ಈರುಳ್ಳಿ ಯಾವಾಗ ಬಂತು, ನವಣೆ ಸಾಮೆ ಯಾವಾಗ ಹೋದವು, ಮೊದಲ ಬೋರ್‌ವೆಲ್ ಎಷ್ಟು ಅಡಿಗೆ ನೀರು ಕೊಟ್ಟಿತ್ತು? ಹಿರಿಯರ ನೆನಪು ಬಹಳಷ್ಟು ಸಲ ಅಂಕಿಅಂಶಕ್ಕೆ ಹೊಂದುತ್ತದೆ, ಕೆಲವೊಮ್ಮೆ ಹೊಂದುವುದಿಲ್ಲ; ಒಳ್ಳೆಯ ಮಳೆಯ ವರ್ಷಗಳು ಮನಸ್ಸಿನಲ್ಲಿ ಉಳಿದಷ್ಟು ಸಾಧಾರಣ ವರ್ಷಗಳು ಉಳಿಯುವುದಿಲ್ಲ. ಆ ನೆನಪನ್ನೂ ತಾಲ್ಲೂಕಿನ ಹಳೆಯ ಮಳೆ ದಾಖಲೆಯನ್ನೂ ಗೌರವದಿಂದಲೇ ಎದುರುಬದುರು ಇಟ್ಟು ನೋಡಬೇಕು. ಒಂದು ವರ್ಷದ ಅಳತೆಯಿಂದ ಹವಾಗುಣದ ಬಗ್ಗೆ ಏನನ್ನೂ ಹೇಳಲಾಗದು, ಅದಕ್ಕೆ ಕನಿಷ್ಠ ಮೂವತ್ತು ವರ್ಷಗಳ ಸರಾಸರಿ ಬೇಕು ಎಂಬುದನ್ನು ಮೊದಲ ದಿನವೇ ಹೇಳಿಬಿಡಿ. ಮೂವತ್ತು ವರ್ಷ ಎಂದಾಗ ಮಕ್ಕಳು ಬೇಸರಪಟ್ಟುಕೊಳ್ಳುತ್ತಾರೆ ಎಂದು ಹೆದರಬೇಕಾಗಿಲ್ಲ. ತಮ್ಮ ನಂತರ ಬರುವವರಿಗಾಗಿ ಒಂದು ದಾಖಲೆಯನ್ನು ಆರಂಭಿಸುತ್ತಿದ್ದೇವೆ ಎಂಬ ಹೊಣೆಯನ್ನು ಅವರು ಸಂತೋಷದಿಂದಲೇ ಹೊರುತ್ತಾರೆ.

ಮರಗಳನ್ನೂ ಹೀಗೆಯೇ ಗಮನಿಸಬಹುದು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ನಡೆಸುವ ಸೀಸನ್‌ವಾಚ್ ಎಂಬ ಯೋಜನೆಯಲ್ಲಿ ದೇಶದ ಶಾಲಾ ಮಕ್ಕಳು ಹುಣಸೆ, ಹೊಂಗೆ, ಮಾವು, ಕಕ್ಕೆಯಂಥ ಒಂದೊಂದು ಮರವನ್ನು ಆರಿಸಿಕೊಂಡು, ಚಿಗುರು, ಹೂವು, ಕಾಯಿ ಯಾವ ವಾರ ಬಂತು ಎಂದು ದಾಖಲಿಸುತ್ತಾರೆ. ಅದಕ್ಕೆ ಬೇಕಾಗುವುದು ಕಣ್ಣು ಮತ್ತು ಪೆನ್ಸಿಲ್ ಮಾತ್ರ.

ಕ್ರಿಯೆಯ ವಿಷಯದಲ್ಲಿ ನಾನು ಸ್ವಲ್ಪ ಕಠಿಣವಾಗಿ ಬರೆಯಬೇಕಾಗಿದೆ. ಜೂನ್ 5ರಂದು ನೆಟ್ಟ ಸಸಿ ಮುಂದಿನ ಮಾರ್ಚ್‌ನಲ್ಲಿ ಬದುಕಿದೆಯೇ ಎಂದು ಯಾರೂ ಲೆಕ್ಕ ಇಡದ ಸಸಿ ನೆಡುವಿಕೆಯಿಂದ ಮಕ್ಕಳು ಕಲಿಯುವುದು ಒಂದೇ: ಫೋಟೊ ತೆಗೆದರೆ ಕೆಲಸ ಮುಗಿಯಿತು ಎಂಬುದನ್ನು. ನಿಮ್ಮ ಸೀಮೆಯಲ್ಲಿ ಸಸಿಗೆ ಎರಡು ಮೂರು ಬೇಸಿಗೆ ನೀರು ಬೇಕು. ಐದೇ ಸಸಿ ನೆಡಿ, ಐದನ್ನೂ ಉಳಿಸಿ. ದನಕುರಿ ಮೇಯುವ ಕಾವಲಿನ ಹುಲ್ಲುಗಾವಲಿಗೆ ಮಾತ್ರ ಕೈ ಹಾಕಬೇಡಿ. ಮರವಿಲ್ಲದ ನೆಲವೆಲ್ಲ ಪಾಳು ಎಂದು ಮಕ್ಕಳಿಗೆ ಅನ್ನಿಸಬಾರದು. ಹುಲ್ಲು ತನ್ನ ಬೇರು ಮತ್ತು ಮಣ್ಣಿನಲ್ಲಿ ಇಂಗಾಲವನ್ನು ಕೂಡಿಡುತ್ತದೆ, ಕೃಷ್ಣಮೃಗದಿಂದ ಹಿಡಿದು ಕುರಿಗಾರರ ಹಿಂಡಿನವರೆಗೆ ಅದನ್ನೇ ನಂಬಿದ ಜೀವಗಳಿವೆ.

ಸಸಿಗಿಂತ ಹೆಚ್ಚು ಕಲಿಸುವುದು ಲೆಕ್ಕ. ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ಶಾಲೆಯ ತಾರಸಿ 200 ಚದರ ಮೀಟರ್ ಇದ್ದು, ವರ್ಷಕ್ಕೆ 500 ಮಿಲಿಮೀಟರ್ ಮಳೆ ಎಂದು ಹಿಡಿದರೆ ಒಂದು ಲಕ್ಷ ಲೀಟರ್. ಐದರಲ್ಲಿ ಒಂದು ಪಾಲು ಪೋಲಾದರೂ 80,000 ಲೀಟರ್ ಉಳಿಯುತ್ತದೆ. ಶಾಲೆಯ ಕೈತೋಟಕ್ಕೆ, ಶೌಚಾಲಯಕ್ಕೆ ದಿನಕ್ಕೆಷ್ಟು ನೀರು ಬೇಕು ಎಂದು ಮಕ್ಕಳೇ ಅಳೆದರೆ ಎಷ್ಟು ದೊಡ್ಡ ತೊಟ್ಟಿ ಬೇಕು ಎಂಬ ಅಂದಾಜೂ ಅವರ ಕೈಯಲ್ಲೇ ಸಿದ್ಧವಾಗುತ್ತದೆ. ಇನ್ನೊಂದು ಲೆಕ್ಕ ಹೊಗೆಯದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ, 14.2 ಕಿಲೋದ ಒಂದು ಅಡುಗೆ ಅನಿಲದ ಸಿಲಿಂಡರ್ ಮುಗಿದರೆ ಸುಮಾರು 42 ಕಿಲೋ, ನಮ್ಮ ವಿದ್ಯುತ್ ಜಾಲದ ಒಂದು ಯೂನಿಟ್‌ಗೆ ಸರಾಸರಿ 0.7 ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಮುಕ್ಕಾಲು ಕಿಲೋ ತೂಗುವ ಪೆಟ್ರೋಲಿನಿಂದ ಎರಡು ಕಿಲೋಗೂ ಮಿಕ್ಕಿ ಅನಿಲ ಬರುವುದು ಹೇಗೆ ಎಂದು ಒಬ್ಬಳಾದರೂ ಕೇಳುತ್ತಾಳೆ. ಇಂಗಾಲದ ಪ್ರತಿ ಪರಮಾಣು ಗಾಳಿಯಿಂದ ಎರಡು ಆಮ್ಲಜನಕದ ಪರಮಾಣುಗಳನ್ನು ಕೂಡಿಸಿಕೊಳ್ಳುತ್ತದೆ ಎಂಬ ನಿಮ್ಮ ರಸಾಯನಶಾಸ್ತ್ರದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಪ್ರವೇಶ ಸಿಗಲಾರದು. ಬೇಸಿಗೆಯಲ್ಲಿ ತಾರಸಿಯ ಅರ್ಧಕ್ಕೆ ಸುಣ್ಣ ಬಳಿದು, ಕೆಳಗಿನ ಎರಡು ಕೊಠಡಿಗಳ ಮಧ್ಯಾಹ್ನದ ತಾಪಮಾನವನ್ನು ಹೋಲಿಸುವುದೂ ಉಪಯುಕ್ತ, ಪರೀಕ್ಷೆ ಬರೆಯುವ ಮಕ್ಕಳಿಗೆ ಅದರಿಂದ ನೇರ ಅನುಕೂಲವೂ ಇದೆ.

ಈ ಲೆಕ್ಕಗಳು ಶಾಲೆಯ ಗೋಡೆಯ ಮೇಲಿನ ಚಾರ್ಟ್ ಆಗಿ ಉಳಿದುಬಿಟ್ಟರೆ ನಾವು ಮತ್ತೆ ಆರಂಭದ ಜಾಗಕ್ಕೇ ಬಂದಂತಾಗುತ್ತದೆ. ನಮ್ಮ ರಾಜ್ಯದಲ್ಲಿ ಪ್ರತಿ ಗ್ರಾಮ ಪಂಚಾಯಿತಿಯೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ಸರ್ಕಾರಿ ಆದೇಶವಿದೆ. ಸಾಮಾನ್ಯವಾಗಿ ನವೆಂಬರ್ ಆಸುಪಾಸಿನಲ್ಲಿ ಅದು ನಡೆಯುತ್ತದೆ. ಅಲ್ಲಿ ಮಕ್ಕಳು ಸ್ವಾಗತಗೀತೆ ಹಾಡಿ ಬರುವುದು ಬೇಡ. ತಮ್ಮ ಮಳೆ ಪುಸ್ತಕವನ್ನು ತೆಗೆದುಕೊಂಡು ಹೋಗಲಿ. ‘ಶಾಲೆಯ ತಾರಸಿಯಿಂದ ವರ್ಷಕ್ಕೆ ಇಷ್ಟು ಸಾವಿರ ಲೀಟರ್ ಹರಿದುಹೋಗುತ್ತಿದೆ, ತೊಟ್ಟಿಗೆ ಇಷ್ಟು ಖರ್ಚು, ಊರಿನ ಕೆರೆಗೆ ನೀರು ತರುವ ಹಳ್ಳ ಇಂಥ ಕಡೆ ಮುಚ್ಚಿಹೋಗಿದೆ, ಇದನ್ನು ಮುಂದಿನ ವರ್ಷದ ಕ್ರಿಯಾಯೋಜನೆಗೆ ಸೇರಿಸಿ’ ಎಂದು ಎದ್ದು ನಿಂತು ಕೇಳಲಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಕೊಟ್ಟ ಉತ್ತರವನ್ನು ನಡಾವಳಿಯಲ್ಲಿ ಬರೆಸಿಕೊಂಡು, ಮೂರು ತಿಂಗಳ ಮೇಲೆ ಏನಾಯಿತು ಎಂದು ಹೋಗಿ ವಿಚಾರಿಸಲಿ. ಒಮ್ಮೆಗೇ ಆಗದಿರಬಹುದು. ಆದರೆ ತಾನು ಅಳೆದ ಅಂಕಿಗೆ ಒಬ್ಬ ದೊಡ್ಡ ಮನುಷ್ಯ ಉತ್ತರ ಹೇಳಬೇಕಾಯಿತು ಎಂಬ ಅನುಭವ ಹತ್ತು ಭಾಷಣ ಸ್ಪರ್ಧೆಗಳಿಂದಲೂ ದಕ್ಕುವುದಿಲ್ಲ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಯುವಕರು, ಹೆಂಗಸರು ಮರಗಳನ್ನು ಅಪ್ಪಿಕೊಂಡು ಕಡಿತ ನಿಲ್ಲಿಸಿದರಲ್ಲ, ಅವರು ಯಾವ ಮರ ಕಡಿದರೆ ಯಾವ ಝರಿ ಬತ್ತುತ್ತದೆ ಎಂಬುದನ್ನು ಕಂಡು ಬಲ್ಲವರಾಗಿದ್ದರು. ಅಪ್ಪಿಕೋ ಚಳವಳಿಯ ಆ ಧೈರ್ಯ ತಮ್ಮ ಕಾಡನ್ನು ಅರಿತದ್ದರಿಂದ ಬಂದದ್ದು.

ದೊಡ್ಡ ವಿಷಯಗಳನ್ನೂ ಮುಚ್ಚಿಡಬೇಡಿ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ಅವರು ದಿನವೂ ನೋಡುತ್ತಾರೆ. ಸಮೀಪದ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ವಿದ್ಯುತ್ ಪಾರ್ಕ್ ಇದೆ, ರೈತರ ಜಮೀನನ್ನು ಗುತ್ತಿಗೆಗೆ ಪಡೆದು ಕಟ್ಟಿದ್ದು. ಕಲ್ಲಿದ್ದಲು ಸುಡದೆ ವಿದ್ಯುತ್ ಬರುತ್ತಿದೆ, ಬರದ ವರ್ಷದಲ್ಲೂ ಜಮೀನಿನ ಒಡೆಯರಿಗೆ ಗುತ್ತಿಗೆ ಹಣ ಬರುತ್ತಿದೆ; ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಕುರಿ ಮೇಯಿಸುತ್ತಿದ್ದ ಭೂಮಿಯಿಲ್ಲದವರ ಪಾಡೇನು? ಒಂಬತ್ತನೇ ತರಗತಿಯಲ್ಲಿ ಇದನ್ನು ಚರ್ಚೆಗೆ ಇಡಿ. ಹವಾಗುಣ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆ ಪಡೆಯುವುದು ಸಂವಿಧಾನದ 14 ಮತ್ತು 21ನೇ ವಿಧಿಗಳ ಅಡಿ ನಾಗರಿಕರ ಹಕ್ಕು ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದ್ದು ಕೂಡ ಅಳಿವಿನಂಚಿನ ಒಂದು ಹಕ್ಕಿಯ ರಕ್ಷಣೆ ಮತ್ತು ಸೌರ ವಿದ್ಯುತ್ ತಂತಿಗಳ ನಡುವಿನ ಇಂಥದೇ ಇಕ್ಕಟ್ಟಿನ ಪ್ರಕರಣದಲ್ಲಿ.

“ಎಲ್ಲ ಮುಗಿದೇ ಹೋಗುತ್ತದಂತಲ್ಲ” ಎಂದ ಮಗುವಿನ ಬಗ್ಗೆ ವಿಶೇಷವಾಗಿ ಬರೆಯಬೇಕು. ಭಾರತವೂ ಸೇರಿ ಹತ್ತು ದೇಶಗಳ, 16ರಿಂದ 25 ವರ್ಷದ 10,000 ಯುವಜನರನ್ನು ಕೇಳಿ 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇ 59ರಷ್ಟು ಮಂದಿ ಈ ವಿಷಯವಾಗಿ ತಮಗೆ ತೀವ್ರ ಆತಂಕವಿದೆ ಎಂದಿದ್ದರು. ಆದ್ದರಿಂದ ಆ ಮಾತನ್ನು ನಗೆಯಾಡಿ ತಳ್ಳಿಹಾಕಬೇಡಿ, ‘ಹಾಗೇನಿಲ್ಲ, ಎಲ್ಲ ಸರಿಹೋಗುತ್ತದೆ’ ಎಂದು ಸುಳ್ಳು ಸಮಾಧಾನವನ್ನೂ ಹೇಳಬೇಡಿ. ಇರುವ ಸತ್ಯ ಹೀಗಿದೆ: 2011ರಿಂದ 2020ರ ದಶಕದಲ್ಲಿ ಜಗತ್ತು ಹತ್ತೊಂಬತ್ತನೇ ಶತಮಾನದ ಉತ್ತರಾರ್ಧಕ್ಕಿಂತ ಸುಮಾರು 1.1 ಡಿಗ್ರಿ ಬಿಸಿಯಾಗಿತ್ತು, ಬಿಸಿ ಇನ್ನೂ ಏರುತ್ತಿದೆ. ಆದರೆ ಒಂದು ಗೆರೆ ದಾಟಿದೊಡನೆ ಎಲ್ಲ ಮುಗಿಯುತ್ತದೆ ಎಂಬುದು ವಿಜ್ಞಾನದ ಮಾತಲ್ಲ. ಡಿಗ್ರಿಯ ಹತ್ತನೇ ಒಂದು ಭಾಗವನ್ನು ತಡೆದರೂ ಅಷ್ಟು ಬೆಳೆ, ಅಷ್ಟು ಜೀವ ಉಳಿಯುತ್ತದೆ. ಇಂಗಾಲದ ಡೈಆಕ್ಸೈಡ್‌ನ ನಿವ್ವಳ ಹೊರಸೂಸುವಿಕೆ (ಗಾಳಿಗೆ ಸೇರಿಸಿದ್ದರಲ್ಲಿ ತೆಗೆದದ್ದನ್ನು ಕಳೆದು ಉಳಿಯುವುದು) ಸೊನ್ನೆಗೆ ಬಂದರೆ ತಾಪಮಾನದ ಏರಿಕೆಯೂ ಹೆಚ್ಚುಕಡಿಮೆ ನಿಲ್ಲುತ್ತದೆ. ಜೊತೆಗೆ ನ್ಯಾಯದ ಮಾತನ್ನೂ ಹೇಳಿ. ಭಾರತ ಒಟ್ಟಾರೆಯಾಗಿ ಜಗತ್ತಿನ ಮೂರನೇ ಅತಿ ದೊಡ್ಡ ಹೊರಸೂಸುವ ದೇಶ ನಿಜ; ಆದರೆ ತಲಾ ಲೆಕ್ಕದಲ್ಲಿ ನಮ್ಮದು ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್, ಅಮೆರಿಕದವರದು ಅದರ ಆರೇಳು ಪಟ್ಟು. ಮಳೆಯಾಶ್ರಿತ ಹೊಲದ ಮನೆಯ ಮಗುವಿನ ಪಾಲು ಆ 2 ಟನ್‌ಗಿಂತಲೂ ತುಂಬ ಕಡಿಮೆ. ಫ್ಯಾನ್ ಆರಿಸಲಿಲ್ಲ ಎಂದು ಅಂಥ ಮಗುವಿನ ಮೇಲೆ ಅಪರಾಧದ ಹೊರೆ ಹೊರಿಸುವುದು ಅನ್ಯಾಯ. ತಾನು ಮಾಡದ ತಪ್ಪಿನ ಫಲವನ್ನು ತನ್ನ ಮನೆ ಉಣ್ಣುತ್ತಿದೆ ಎಂದು ತಿಳಿಯುವ ಹಕ್ಕು ಅದಕ್ಕಿದೆ, ಅದನ್ನು ಸರಿಪಡಿಸುವಂತೆ ಕೇಳುವ ಹಕ್ಕೂ ಇದೆ.

ಮನೆಯವರು ‘ಓದೋದು ಬಿಟ್ಟು ಮಳೆ ಅಳೀತೀಯಾ’ ಎನ್ನಬಹುದು ಎಂಬ ಅಳುಕು ನಿಮಗಿದ್ದರೆ, ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಧೈರ್ಯ ಕೊಡುತ್ತದೆ. ಶಾಲೆಯಲ್ಲಿ ಹವಾಗುಣ ಬದಲಾವಣೆಯನ್ನು ಸ್ಥಳೀಯ ಉದಾಹರಣೆಗಳ ಮೂಲಕ ಕಲಿತು, ಆ ಬಗ್ಗೆ ತಂದೆತಾಯಿಯನ್ನು ಸಂದರ್ಶಿಸಿದ ಮಕ್ಕಳಿಂದಾಗಿ ಮನೆಯವರ ಕಾಳಜಿಯೂ ಹೆಚ್ಚಿತು. ಅಲ್ಲಿ ಹೆಚ್ಚು ಪ್ರಭಾವ ಬೀರಿದವರು ಹೆಣ್ಣುಮಕ್ಕಳು. ನಿಮ್ಮ ತರಗತಿಯ ಹುಡುಗಿಯರಿಗೆ ಮಳೆ ಪುಸ್ತಕದ ಹೊಣೆ ಕೊಡಲು ನನಗಂತೂ ಇದಕ್ಕಿಂತ ಹೆಚ್ಚಿನ ಕಾರಣ ಬೇಕಿಲ್ಲ.

ಪಠ್ಯ ಮುಗಿಸುವ ಒತ್ತಡ ನಿಮಗಿದೆ ಎಂಬುದು ಗೊತ್ತು. ಇದಕ್ಕೆ ಇಕೋ ಕ್ಲಬ್‌ನ ವಾರದ ಒಂದು ಅವಧಿ ಸಾಕು. ದಿನದ ಅಳತೆಗೆ ಐದು ನಿಮಿಷಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಡಬ್ಬಿ ಮತ್ತು ಗಟ್ಟಿ ರಟ್ಟಿನ ಪುಸ್ತಕವನ್ನು ಈ ವಾರವೇ ಹೊಂದಿಸಿಕೊಳ್ಳಿ, ಮುಂಗಾರಿಗೆ ಕಾಯಬೇಡಿ. ಮಳೆಯಿಲ್ಲದ ದಿನದ ಸೊನ್ನೆಯೂ ದಾಖಲೆಯೇ. ಅಳೆಯುವ ಹೊಣೆಯನ್ನು ಎಂಟನೇ ತರಗತಿಗೆ, ಹಿರಿಯರ ಸಂದರ್ಶನವನ್ನು ಒಂಬತ್ತನೆಯವರಿಗೆ, ಮಕ್ಕಳ ಗ್ರಾಮಸಭೆಯ ಮನವಿ ಸಿದ್ಧಪಡಿಸುವುದನ್ನು ಹತ್ತನೆಯವರಿಗೆ ಹಂಚಿ. ರಜೆಯ ದಿನಗಳಲ್ಲಿ ಅಳೆಯಲು ಶಾಲೆಯ ಹತ್ತಿರದ ಮನೆಯ ಇಬ್ಬರನ್ನು ಗೊತ್ತುಮಾಡಿ, ಏಕೆಂದರೆ ಇಂಥ ದಾಖಲೆಗಳು ತುಂಡಾಗುವುದು ಹೆಚ್ಚಾಗಿ ಏಪ್ರಿಲ್, ಮೇ ತಿಂಗಳಲ್ಲಿ, ಅಶ್ವಿನಿ ಭರಣಿ ಮಳೆಗಳು ಬೀಳುವ ಹೊತ್ತಿನಲ್ಲೇ.